ಕಾಫಿ ಕಣದಲ್ಲಿ ಮೊಂಡ್ರಿಯಾನನ ಗೆರೆಗಳು

ಆಷಾಢದ ಮಳೆ ಹಿಡಿಯಿತೆಂದರೆ ಮೂರ್ನಾಡಿನ ಕಡೆಯ ಮನೆಗಳಲ್ಲಿ ಮಕ್ಕಳು ದಿನಗಟ್ಟಲೆ ಒಳಗೇ ಇರಬೇಕಾಗುವುದು. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯ ಮೇಲಿರುವ ಈ ಊರಿನಲ್ಲಿ ಮೈದಾನವೂ ಉಂಟು, ಹಾಕಿಯ ಹುಚ್ಚೂ ಉಂಟು. ಆದರೆ ಮಳೆ ಕೇಳಬೇಕಲ್ಲ! ಆಗ ಮಕ್ಕಳ ಕೈಗೆ ಮೊಬೈಲು ಬರುವುದು, ಹಿರಿಯರ ಬಾಯಿಗೆ ಬೈಗುಳು ಬರುವುದು. ಆ ಯಂತ್ರವನ್ನು ಕಿತ್ತಿಡುವುದರ ಬದಲು ಅದರಿಂದಲೇ ಒಂದು ಒಳ್ಳೆಯ ವಿನೋದವನ್ನು ಕಲಿಸಬಹುದೆಂದು ನಮಗೆ ತೋರುವುದು. ಹೆಸರಾಂತ ಚಿತ್ರಕಾರನೊಬ್ಬನ ರೀತಿಯನ್ನು ಅನುಸರಿಸಿ, ನಮ್ಮ ಸುತ್ತಣ ವಸ್ತುವನ್ನು ತೆರೆಯ ಮೇಲೆ ಬರೆಯುವುದೇ ಆ ವಿನೋದ.

ಇದಕ್ಕಾಗಿ ನಾವು ಆರಿಸಿಕೊಂಡವನು ಪೀಟ್ ಮೊಂಡ್ರಿಯಾನ್. ಇವನು ೧೮೭೨ರಲ್ಲಿ ಹಾಲೆಂಡಿನಲ್ಲಿ ಹುಟ್ಟಿ, ೧೯೪೪ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಕರಿಯ ನೆಟ್ಟಗೆರೆ, ಕರಿಯ ಅಡ್ಡಗೆರೆ. ಅವುಗಳ ನಡುವಣ ಕೆಲವು ಮನೆಗಳಲ್ಲಿ ಕೆಂಪು, ಹಳದಿ, ನೀಲಿ. ಉಳಿದುದೆಲ್ಲ ಬಹುಮಟ್ಟಿಗೆ ಬಿಳುಪು. ಅವನ ಪ್ರಸಿದ್ಧ ಚಿತ್ರಗಳ ಬಂಡವಾಳವೆಲ್ಲ ಇಷ್ಟೆ. ಇಂಥದನ್ನು ನಮ್ಮ ಮಗುವೂ ಬರೆದೀತು ಎಂದು ಮೊದಲ ನೋಟಕ್ಕೆ ಯಾರಿಗಾದರೂ ಅನ್ನಿಸುವುದು. ಬರೆಯಲಿ, ಬರೆಯಹೊರಟಾಗಲೇ ಅದರ ಕಷ್ಟ ತಿಳಿಯುವುದು. ಮೊಂಡ್ರಿಯಾನನಾದರೂ ಒಮ್ಮೆಗೇ ಅಲ್ಲಿಗೆ ನೆಗೆದವನಲ್ಲ. ೧೯೦೮ರಿಂದ ಕೆಲವು ವರ್ಷ ಅವನು ಮರಗಳನ್ನೇ ಮತ್ತೆ ಮತ್ತೆ ಬರೆದನು. ಎಲೆ ಹೋಯಿತು, ಬಣ್ಣ ಹೋಯಿತು. ಕೊಂಬೆಗಳು ಬರಿಯ ಕಮಾನುಗಳಾದುವು. ಕಡೆಗೆ ಗೆರೆ ಮಾತ್ರ ಉಳಿಯಿತು. ಮುಂದೆ ಅವನಿಗೆ ಹಸಿರೆಂದರೇ ಆಗದೆಂದು ಬಲ್ಲವರು ಹೇಳುತ್ತಿದ್ದರು. ಅಂಥವನು ಕೊಡಗಿಗೆ ಬಂದಿದ್ದರೆ ಕಣ್ಣನ್ನು ಎಲ್ಲಿ ಇಟ್ಟುಕೊಳ್ಳುತ್ತಿದ್ದನೋ!

ಆದರೂ ಅವನಿಗೆ ಒಪ್ಪುವ ನೋಟ ಇಲ್ಲಿ ಇಲ್ಲದೆ ಇಲ್ಲ. ಪುಷ್ಯಮಾಸದಲ್ಲಿ ತೋಟದ ಮನೆಯ ಮುಂದಣ ಕಣವನ್ನು ಮಾಳಿಗೆಯ ಮೇಲಿನಿಂದ ನೋಡಿರಿ. ಒಂದು ಪಟ್ಟಿಯಲ್ಲಿ ಆಗತಾನೆ ಕೊಯ್ದು ಹರಡಿದ ಕೆಂಪು ಹಣ್ಣು. ಪಕ್ಕದಲ್ಲಿ ಒಣಗಿ ಕಪ್ಪಾದ ಚೆರಿ. ಅದರಾಚೆ ನಸುಹಳದಿಯ ಪಾರ್ಚ್‌ಮೆಂಟ್. ನಡುವೆ ಕೆಲಸದವರು ತಿರುಗಾಡಲು ಬಿಟ್ಟ ದಾರಿಗಳು. ಅಂಚಿನಲ್ಲಿ ಸಿಲ್ವರ್ ಓಕ್ ಮರಗಳು ಕಂಬ ನೆಟ್ಟಂತೆ ನಿಂತಿರುವುವು. ಕಣದ ಒಡೆಯನಿಗೆ ತಿಳಿಯದೆಯೇ ಮೊಂಡ್ರಿಯಾನನ ಚಿತ್ರವೊಂದು ಅಲ್ಲಿ ಬಿಸಿಲಿಗೆ ಹರಡಿರುವುದು.

ಸುಗ್ಗಿಯಲ್ಲಿ ಇದರ ಫೋಟೋ ತೆಗೆದಿಟ್ಟುಕೊಂಡರೆ ಮಳೆಗಾಲಕ್ಕೆ ಸಾಮಗ್ರಿಯಾಯಿತು. ಚಿತ್ರ ಬರೆಯುವ ಯಾವುದಾದರೊಂದು ಆ್ಯಪಿನಲ್ಲಿ ಆ ಫೋಟೋವನ್ನು ತೆರೆದು, ಅದರ ಮೇಲೆ ಹೊಸದೊಂದು ಪದರವನ್ನು ಹಾಕಬೇಕು. ಎಣ್ಣೆಕಾಗದವನ್ನಿಟ್ಟು ತಿದ್ದುವಂತೆಯೇ ಇದು. ನೇರಗೆರೆಯ ಸಾಧನದಿಂದ ಮುಖ್ಯವಾದ ಐದಾರು ಗೆರೆಗಳನ್ನು ಮಾತ್ರ ಎಳೆದು, ಕೆಳಗಣ ಫೋಟೋವನ್ನು ಮರೆಮಾಡಿದರೆ ಗೆರೆಗಳಷ್ಟೇ ಉಳಿಯುವುವು. ಮಕ್ಕಳು ಸಾಮಾನ್ಯವಾಗಿ ಎಲ್ಲ ಮನೆಗಳಿಗೂ ಬಣ್ಣ ತುಂಬಿಬಿಡುವರು. ಆಗ ಅದು ಚೌಕಳಿಯ ಲುಂಗಿಯಂತೆ ಕಾಣುವುದು. ಎರಡು ಮೂರು ಮನೆಗಳಿಗೆ ಮಾತ್ರ ಬಣ್ಣ ಕೊಟ್ಟು ನೋಡಲಿ. ದೊಡ್ಡ ಕೆಂಪು ಮನೆಯೊಂದು ಮೇಲ್ಗಡೆಯ ಮೂಲೆಯಲ್ಲಿದ್ದರೆ, ಅದನ್ನು ತಡೆಯಲು ಕೆಳಗಡೆ ಎಷ್ಟು ನೀಲಿ ಬೇಕು? ಗೆರೆಗಳೆಲ್ಲ ಒಂದೇ ದಪ್ಪವಿರಬೇಕೆ? ಎಲ್ಲವೂ ಅಂಚನ್ನು ಮುಟ್ಟಲೇಬೇಕೆ? ಇದಕ್ಕೆ ಅಳತೆಗೋಲು ಉತ್ತರ ಹೇಳದು, ಕಣ್ಣೇ ಹೇಳಬೇಕು. ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ಕುಂಚದವರಿಗೆ ಈ ಸುಖವಿಲ್ಲ.

ಗಣಕಯಂತ್ರದಿಂದ ಮೊಂಡ್ರಿಯಾನನನ್ನು ಅನುಕರಿಸುವುದು ಹೊಸ ಮಾತಲ್ಲ. ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಮೈಕೇಲ್ ನಾಲ್ ಎಂಬವರು ೧೯೬೪ರಲ್ಲಿ, ಮೊಂಡ್ರಿಯಾನನ ೧೯೧೭ರ ಚಿತ್ರವೊಂದರಲ್ಲಿ ಸಣ್ಣ ಕರಿಯ ಪಟ್ಟಿಗಳು ಹೇಗೆ ಹರಡಿವೆಯೆಂದು ಪರೀಕ್ಷಿಸಿ, ಅದನ್ನು ಹೋಲುವ ಚಿತ್ರವನ್ನು ಯಂತ್ರದಿಂದ ಬರೆಯಿಸಿದರು. ಬಳಿಕ ಎರಡರ ನಕಲುಗಳನ್ನೂ ೧೦೦ ಮಂದಿಯ ಮುಂದಿಟ್ಟರು. ಯಂತ್ರದ ಚಿತ್ರ ಯಾವುದೆಂದು ಸರಿಯಾಗಿ ಹೇಳಿದವರು ೨೮ ಮಂದಿ. ಯಂತ್ರದ ಚಿತ್ರವನ್ನೇ ಹೆಚ್ಚು ಮೆಚ್ಚಿದವರು ೫೯ ಮಂದಿ! ಇದನ್ನು ಕೇಳಿ ಕಲೆಗಾರನ ಕಾಲ ಮುಗಿಯಿತೆನ್ನುವವರುಂಟು. ನಮಗೆ ಹಾಗೆ ತೋರದು. ಯಂತ್ರಕ್ಕೆ ಅಪ್ಪಣೆ ಕೊಡುವ ಮೊದಲು ನಾಲ್ ಅವರು ಆ ಚಿತ್ರವನ್ನು ಸಾವಧಾನವಾಗಿ ನೋಡಬೇಕಾಯಿತು. ಮೊಂಡ್ರಿಯಾನನಾದರೋ, ನೋಡಿ ಅನುಸರಿಸಲು ಮಾದರಿಯೇ ಇಲ್ಲದಿದ್ದಾಗ ಅದನ್ನು ಕಂಡುಕೊಂಡನು.

ಈ ಸಾವಧಾನವೇ ಈಗ ಅಪಾಯದಲ್ಲಿರುವುದು. ೨೦೨೫ರ ಮಾರ್ಚಿಯಲ್ಲಿ, ಜಪಾನಿನ ಘಿಬ್ಲಿ ಚಿತ್ರಶಾಲೆಯ ರೀತಿಯಲ್ಲಿ ತಮ್ಮ ಫೋಟೋಗಳನ್ನು ಮಾರ್ಪಡಿಸಿಕೊಳ್ಳುವ ಹುಚ್ಚು ಲೋಕವನ್ನೆಲ್ಲ ಹಿಡಿಯಿತು. ಒಂದು ಮಾತು ಬರೆದರೆ ಕೃತಕ ಬುದ್ಧಿಯ ಯಂತ್ರವು ಕ್ಷಣದಲ್ಲಿ ಚಿತ್ರವನ್ನು ಮುಂದಿಡುವುದು. ನೋಡಲು ಸೊಗಸೇ. ಆದರೆ ಗೆರೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಮಗು ಒಮ್ಮೆಯೂ ಯೋಚಿಸಿರುವುದಿಲ್ಲ. ತಿಂಡಿಯನ್ನು ಅಂಗಡಿಯಿಂದ ತಂದವನಿಗೆ ಅಡಿಗೆ ಬಂದಂತಾಗಲಿಲ್ಲವಷ್ಟೆ.

ಗೆರೆಯ ಮಾತು ಬಂದಾಗ ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು ನೆನೆಯದಿರುವುದೆಂತು? ಉಡುಪಿಯ ಬಳಿ ೧೯೧೧ರಲ್ಲಿ ಹುಟ್ಟಿದ ಇವರು ಲಯದ ಮರ್ಮವನ್ನರಿಯಲೆಂದು ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳಿಗೆ ಹಾಡುವ ರೇಖೆಯೆಂದೇ ಹೆಸರಾಯಿತು. ಮೊಂಡ್ರಿಯಾನನ ನೇರಗೆರೆಯಲ್ಲಿ ಪಳಗಿದ ಮಗು, ಬೆರಳನ್ನು ಎತ್ತದೆ ಒಂದೇ ಗೆರೆಯಲ್ಲಿ ಹಾಕಿಯಾಡುವ ಅಣ್ಣನನ್ನು ಬರೆಯಲು ಯತ್ನಿಸಲಿ. ಇಲ್ಲಿ ಮಾತ್ರ ತೆರೆಯು ಸೋಲುವುದು. ಗಾಜಿನ ಮೇಲೆ ಬೆರಳು ಒತ್ತಿದರೂ ತೇಲಿದರೂ ಗೆರೆಯು ಸಾಮಾನ್ಯವಾಗಿ ಒಂದೇ ದಪ್ಪವಾಗಿ ಬರುವುದು. ಮೊದಲು ಪೆನ್ಸಿಲಿನಿಂದ ಕಾಗದದ ಮೇಲೆ ಬರೆಯುವುದೇ ಮೇಲು.

ಒಂದು ಎಚ್ಚರಿಕೆಯುಂಟು. ರೀತಿಯನ್ನು ಅನುಸರಿಸುವುದು ಬೇರೆ, ಕೃತಿಯನ್ನೇ ನಕಲು ಮಾಡಿ ಹಂಚುವುದು ಬೇರೆ. ನಮ್ಮ ದೇಶದ ೧೯೫೭ರ ಕಾಯಿದೆಯಂತೆ ಕಲೆಗಾರನ ಮರಣದ ಮುಂದಿನ ವರ್ಷದಿಂದ ೬೦ ವರ್ಷ ಕೃತಿಸ್ವಾಮ್ಯವಿರುವುದು. ಮೊಂಡ್ರಿಯಾನನ ಅವಧಿ ಇಲ್ಲಿ ೨೦೦೪ಕ್ಕೆ ಮುಗಿದಿದೆ. ೧೯೯೬ರಲ್ಲಿ ಕಾಲವಾದ ಹೆಬ್ಬಾರರದು ೨೦೫೬ರ ಕೊನೆಯವರೆಗೂ ಉಂಟು.

ಮಕ್ಕಳ ಚಿತ್ರ ಮುಗಿದ ಮೇಲೆ ಅದನ್ನು ಒಮ್ಮೆ ತಲೆಕೆಳಗು ಮಾಡಿ ನೋಡುವಂತೆ ಹೇಳಿರಿ. ಮೊಂಡ್ರಿಯಾನನು ಬಣ್ಣದ ಪಟ್ಟಿಗಳನ್ನು ಅಂಟಿಸಿ ಮಾಡಿದ ‘ನ್ಯೂಯಾರ್ಕ್ ಸಿಟಿ ೧’ ಎಂಬ ಕೃತಿಯು ೧೯೪೫ರಿಂದಲೂ ತಲೆಕೆಳಗಾಗಿಯೇ ತೂಗಾಡುತ್ತಿದ್ದಿತೆಂದು ಜರ್ಮನಿಯ ಡ್ಯೂಸೆಲ್‌ಡಾರ್ಫಿನ ವಸ್ತುಸಂಗ್ರಹಾಲಯದವರು ೨೦೨೨ರಲ್ಲಿ ತಿಳಿಸಿದರು. ಅವನ ಚಿತ್ರಶಾಲೆಯ ಹಳೆಯ ಫೋಟೋವೊಂದರಲ್ಲಿ ಅದು ಇನ್ನೊಂದು ಮಗ್ಗುಲಾಗಿ ನಿಂತಿತ್ತಂತೆ. ತಿರುಗಿಸಿದರೆ ಅಂಟು ಬಿಟ್ಟೀತೆಂಬ ಭಯದಿಂದ ಅವರು ಅದನ್ನು ಹಾಗೆಯೇ ಬಿಟ್ಟರು.