ಕಿರುತೆರೆಯೂ ಕ್ರೈಸ್ತ ಗೃಹವೂ

ಚಲನಚಿತ್ರವನ್ನು ನೋಡಬಯಸುವವನು ಮನೆಯಿಂದ ಹೊರಟು, ಹಣ ತೆತ್ತು, ಕತ್ತಲೆಯ ಮಂದಿರದಲ್ಲಿ ಕುಳಿತು, ಕಥೆ ಮುಗಿದ ಮೇಲೆ ಹಿಂದಿರುಗುತ್ತಾನೆ. ದೂರದರ್ಶನವಾದರೋ ತಾನೇ ಗೃಹವನ್ನು ಪ್ರವೇಶಿಸಿ, ಊಟದ ಹೊತ್ತನ್ನೂ ಮಕ್ಕಳ ಪಾಠದ ಹೊತ್ತನ್ನೂ ಸಂಜೆಯ ಪ್ರಾರ್ಥನೆಯ ಹೊತ್ತನ್ನೂ ತನ್ನದಾಗಿಸಿಕೊಂಡು, ವಾರವಾರವೂ ಅವೇ ಪಾತ್ರಗಳನ್ನು ಕರೆತಂದು, ಕಡೆಗೆ ಅವರನ್ನು ನೆಂಟರಷ್ಟು ಬಳಕೆಯವರನ್ನಾಗಿ ಮಾಡಿಬಿಡುತ್ತದೆ. ಹೀಗೆ ಒಳಬರುವ ಅತಿಥಿಯ ಗುಣಶೀಲಗಳನ್ನು ಮೊದಲೇ ವಿಚಾರಿಸಿ ತಿಳಿಯುವುದು ತಂದೆತಾಯಿಗಳ ಕರ್ತವ್ಯವೆಂಬ ನಂಬಿಕೆಯಿಂದಲೇ ಅಮೆರಿಕದ ಕ್ರೈಸ್ತರಲ್ಲಿ ಒಂದು ವಿಶಿಷ್ಟವಾದ ವಿಮರ್ಶಾಪದ್ಧತಿ ಬೆಳೆದು ಬಂದಿತು.

ಅದರ ಮೂಲವಿರುವುದು ಚಲನಚಿತ್ರಗಳ ಕಾಲದಲ್ಲಿ. 1930ರ ದಶಕದಲ್ಲಿ ಅಲ್ಲಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಪ್ರೇರಣೆಯಿಂದ ಹುಟ್ಟಿದ ‘ಲೀಜನ್ ಆಫ್ ಡೀಸೆನ್ಸಿ’ ಎಂಬ ಸಂಘವು ಚಿತ್ರಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಸಿ ವರ್ಗದವು ಸರ್ವಥಾ ತ್ಯಾಜ್ಯವೆಂದು ಸಾರಿತು. ವಿಶ್ವಾಸಿಗಳು ದೇವಾಲಯಗಳಲ್ಲಿ ಎದ್ದುನಿಂತು, ಅಂತಹ ಚಿತ್ರಗಳನ್ನು ನೋಡೆವೆಂದು ಪ್ರತಿಜ್ಞೆ ಮಾಡಿದರು. 1957ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ‘ಮಿರಾಂಡಾ ಪ್ರೋರ್ಸಸ್’ ಎಂಬ ಪತ್ರದಲ್ಲಿ ಚಲನಚಿತ್ರ, ರೇಡಿಯೊಗಳೊಡನೆ ದೂರದರ್ಶನದ ವಿಷಯವನ್ನೂ ವಿಚಾರಕ್ಕೆ ತೆಗೆದುಕೊಂಡರು. ರೋಗಶಯ್ಯೆಯಲ್ಲಿದ್ದುಕೊಂಡೇ ದೂರದ ದೇವಾಲಯದಲ್ಲಿ ನಡೆಯುತ್ತಿದ್ದ ಕ್ರಿಸ್ಮಸ್ ಆರಾಧನೆಯನ್ನು ಕಂಡಳೆಂದು ಪ್ರತೀತಿಯಿರುವ ಅಸ್ಸೀಸಿಯ ಸಂತ ಕ್ಲಾರಾಳನ್ನು ಈ ಮಾಧ್ಯಮದ ಪಾಲಕಿಯೆಂದು ಘೋಷಿಸಿದವರೂ ಅವರೇ. ಈ ಯಂತ್ರವನ್ನು ಶತ್ರುವೆಂದೇ ಎಣಿಸಿದ್ದರೆ ಅದಕ್ಕೊಬ್ಬ ಸಂತಳನ್ನು ಯಾರು ತಾನೇ ಅರಸುತ್ತಿದ್ದರು?

ಅಮೆರಿಕದ ಸರ್ಕಾರದ ಕಡೆಯಿಂದಲೂ ನೆರವು ಬಾರದೆ ಇರಲಿಲ್ಲ. 1996ರ ಕಾನೂನು, ಪೋಷಕರು ತಮಗೆ ಬೇಡವಾದುದನ್ನು ತಡೆಹಿಡಿಯಲು ಅನುವಾಗುವಂತೆ ಹೊಸ ಟಿ.ವಿ.ಗಳಲ್ಲಿ ‘ವಿ-ಚಿಪ್’ ಎಂಬ ಸಾಧನವಿರತಕ್ಕದ್ದೆಂದು ವಿಧಿಸಿತು. 1997ರಿಂದ ಕಾರ್ಯಕ್ರಮಗಳ ಮೇಲೆ ವಯೋಮಿತಿಯ ಗುರುತುಗಳು ಕಾಣಿಸಿಕೊಂಡವು. ಆದರೆ ಆ ಗುರುತನ್ನು ಹಾಕುವವರು ಪ್ರಸಾರಸಂಸ್ಥೆಗಳವರೇ. ಮೇಲಾಗಿ, ನಾಲ್ಕಾರು ಅಕ್ಷರಗಳು ಎಚ್ಚರಿಕೆಯನ್ನು ಕೊಡಬಲ್ಲವೇ ಹೊರತು ‘ಇದು ನನ್ನ ಮಗುವಿಗೆ ತಕ್ಕುದೇ?’ ಎಂಬ ತಾಯಿಯೊಬ್ಬಳ ಪ್ರಶ್ನೆಗೆ ಉತ್ತರ ಹೇಳಲಾರವು. ಆ ಉತ್ತರವನ್ನು ಕೊಡಲು ಯತ್ನಿಸಿದವುಗಳಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ನಗರದ ‘ಫೋಕಸ್ ಆನ್ ದ ಫ್ಯಾಮಿಲಿ’ ಸಂಸ್ಥೆಯ ‘ಪ್ಲಗ್ಡ್ ಇನ್’ ಎಂಬ ವಿಮರ್ಶಾಪ್ರಕಟಣೆ ಪ್ರಸಿದ್ಧವಾದುದು. ಅಲ್ಲಿನ ಚಿತ್ರವಿಮರ್ಶೆಯು ಕಥೆಯ ಸದಂಶಗಳನ್ನು ಮೊದಲು ಹೇಳಿ, ಬಳಿಕ ಆಧ್ಯಾತ್ಮಿಕ ವಿಷಯ, ಕಾಮ, ಹಿಂಸೆ, ಹೊಲಸು ಮಾತು, ಮದ್ಯ ಮತ್ತು ಮಾದಕವಸ್ತು ಎಂದು ಒಂದೊಂದನ್ನೂ ಪ್ರತ್ಯೇಕ ಶೀರ್ಷಿಕೆಯಡಿ ವಿವರಿಸುತ್ತದೆ. ಧಾರಾವಾಹಿಗಳನ್ನು ಕುರಿತ ಬರಹಗಳ ಹಿಂದಿರುವುದೂ ಇದೇ ದೃಷ್ಟಿ. ತೀರ್ಪಿಗಿಂತ ವರದಿಗೆ ಪ್ರಾಧಾನ್ಯ ಕೊಡುವ ಈ ಕ್ರಮ ನನಗೆ ಬಹಳ ಮೆಚ್ಚಿಕೆಯಾದುದು. ಏಕೆಂದರೆ ಹತ್ತು ವರ್ಷದ ಮಗುವಿರುವ ಮನೆಯೂ ಹದಿನೇಳರ ತರುಣನಿರುವ ಮನೆಯೂ ಅದೇ ವರದಿಯನ್ನೋದಿ ಬೇರೆ ಬೇರೆ ನಿರ್ಧಾರಗಳಿಗೆ ಬರಬಹುದು, ಎರಡೂ ಸರಿಯಾಗಿಯೇ ಇರಬಹುದು.

ಆದರೂ ಬೈಗುಳಗಳನ್ನೂ ಹೊಡೆದಾಟಗಳನ್ನೂ ಎಣಿಸಿದ ಮಾತ್ರಕ್ಕೆ ಕ್ರೈಸ್ತ ವಿಮರ್ಶೆ ಸಂಪೂರ್ಣವಾಗದು. ದಾವೀದ ರಾಜನು ಪರಸ್ತ್ರೀಯಾದ ಬತ್ಷೆಬೆಯನ್ನು ಬಯಸಿ, ಆಕೆಯ ಪತಿ ಊರೀಯನನ್ನು ಯುದ್ಧದ ನೆಪದಲ್ಲಿ ಕೊಲ್ಲಿಸಿದ ವೃತ್ತಾಂತವನ್ನು ಈ ಲೆಕ್ಕದಿಂದಲೇ ಅಳೆದರೆ ಪವಿತ್ರ ಗ್ರಂಥದ ಆ ಭಾಗವೇ ಮಕ್ಕಳಿಗೆ ನಿಷಿದ್ಧವಾದೀತು. ಆ ವೃತ್ತಾಂತವಾದರೋ ಪಾಪವನ್ನು ಮುಚ್ಚಿಡುವುದಿಲ್ಲ, ಮೋಹಕವಾಗಿಯೂ ಮಾಡುವುದಿಲ್ಲ. ಪ್ರವಾದಿ ನಾತಾನನನ್ನು ರಾಜನ ಎದುರಿಗೆ ತಂದು ನಿಲ್ಲಿಸುತ್ತದೆ. ಕಥೆಯಲ್ಲಿ ಕೇಡು ಎಷ್ಟಿದೆಯೆಂಬುದರ ಜೊತೆಗೆ, ಕಥೆ ಯಾರ ಪಕ್ಷದಲ್ಲಿ ನಿಂತಿದೆ, ಯಾರ ನೋವನ್ನು ನೋವೆಂದು ಗಣಿಸುತ್ತದೆ, ಏನನ್ನು ಪ್ರೀತಿಸಲು ನಮಗೆ ಕಲಿಸುತ್ತದೆ ಎಂಬುದನ್ನೂ ವಿಮರ್ಶಕನು ಕೇಳಲೇಬೇಕು.

ಇದಕ್ಕೆ ಫ್ರೆಡ್ ರೋಜರ್ಸ್ ಅವರ ಮಕ್ಕಳ ಕಾರ್ಯಕ್ರಮಕ್ಕಿಂತ ಉತ್ತಮವಾದ ನಿದರ್ಶನವನ್ನು ನಾನರಿಯೆ. ರೋಜರ್ಸ್ ಅವರು 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯಿಂದ ಗುರುದೀಕ್ಷೆ ಪಡೆದಾಗ ಅವರಿಗೆ ವಹಿಸಲ್ಪಟ್ಟ ಸೇವೆಯೇ ಪ್ರಸಾರಮಾಧ್ಯಮದ ಮೂಲಕ ಮಕ್ಕಳಿಗೂ ಕುಟುಂಬಗಳಿಗೂ ಸಲ್ಲತಕ್ಕದ್ದಾಗಿದ್ದಿತು. ಪಿಟ್ಸ್‌ಬರ್ಗಿನಲ್ಲಿ ತಯಾರಾಗಿ 1968ರಲ್ಲಿ ದೇಶವ್ಯಾಪಿಯಾಗಿ ಆರಂಭವಾದ ಅವರ ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’ ಮತಬೋಧೆಯ ಕಾರ್ಯಕ್ರಮವಾಗಿರಲಿಲ್ಲ. ‘ಆಧ್ಯಾತ್ಮಿಕ ವಿಷಯ’ವೆಂಬ ಶೀರ್ಷಿಕೆಯಡಿ ಅದರ ಬಗ್ಗೆ ಬರೆಯಲು ಹೆಚ್ಚೇನೂ ದೊರೆಯದು. ಆದರೆ 1969ರ ಒಂದು ಕಂತಿನಲ್ಲಿ, ಸೆಕೆಯ ದಿನದಂದು ಪುಟ್ಟ ನೀರತೊಟ್ಟಿಯಲ್ಲಿ ಕಾಲಿಳಿಬಿಟ್ಟು ಕುಳಿತ ರೋಜರ್ಸ್, ಆ ದಾರಿಯಾಗಿ ಬಂದ ಪೊಲೀಸ್ ಅಧಿಕಾರಿಯನ್ನು ಕರೆದು, ಅದೇ ನೀರಿನಲ್ಲಿ ಪಾದಗಳನ್ನಿಡುವಂತೆ ಹೇಳಿ, ಕಾಲೊರೆಸುವ ಒಂದೇ ವಸ್ತ್ರವನ್ನು ಅವನೊಡನೆ ಹಂಚಿಕೊಂಡರು. ಆ ಪಾತ್ರವನ್ನು ವಹಿಸಿದ್ದ ಫ್ರಾಂಸ್ವಾ ಕ್ಲೆಮನ್ಸ್ ಕಪ್ಪು ಜನಾಂಗದವರು. ಜನಾಂಗಭೇದದ ಕಾನೂನು ಬದಲಾಗಿದ್ದರೂ ಕರಿಯರೊಡನೆ ಒಂದೇ ಈಜುಕೊಳಕ್ಕಿಳಿಯಲು ಅನೇಕ ಬಿಳಿಯರು ಇನ್ನೂ ಒಪ್ಪದಿದ್ದ ಕಾಲವದು. 1993ರಲ್ಲಿ ಅದೇ ದೃಶ್ಯವನ್ನು ಪುನಃ ಅಭಿನಯಿಸಿದಾಗ ರೋಜರ್ಸ್ ತಾವೇ ಕ್ಲೆಮನ್ಸ್ ಅವರ ಪಾದಗಳನ್ನು ಒರೆಸಿದರು. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರ ಪಾದಗಳನ್ನು ತೊಳೆದುದನ್ನು ಓದಿರುವ ಕುಟುಂಬಕ್ಕೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ; ಅದನ್ನು ಗುರುತಿಸಿ ತೋರಿಸುವುದೇ ಕ್ರೈಸ್ತ ವಿಮರ್ಶೆಯ ಅತ್ಯುತ್ತಮ ಕಾರ್ಯ.

ಧಾರಾವಾಹಿಯ ವಿಮರ್ಶಕನಿಗೆ ಮತ್ತೊಂದು ಕಷ್ಟವುಂಟು. ಮೊದಲ ಕಂತುಗಳಲ್ಲಿ ನಿರ್ಮಲವಾಗಿದ್ದ ಕಥೆ ಮುಂದಿನ ಸೀಸನ್ನಿನಲ್ಲಿ ಕೆಟ್ಟೀತು, ಒರಟಾಗಿ ತೊಡಗಿದ ಕಥೆ ಪಶ್ಚಾತ್ತಾಪದಲ್ಲಿ ಕೊನೆಗಂಡೀತು. ಆದುದರಿಂದ ತಾನು ನೋಡಿರುವ ಕಂತುಗಳು ಯಾವುವೆಂದು ಹೇಳುವುದೂ, ಹೊಸವು ಬಂದಾಗ ಹಳೆಯ ಮಾತನ್ನು ಪರಿಶೀಲಿಸುವುದೂ ಅವನ ಪ್ರಾಮಾಣಿಕತೆಗೆ ಸೇರಿದ ವಿಷಯ.

ಇಂದು ಅಮೆರಿಕದ ಧಾರಾವಾಹಿಗಳು ಮಂಗಳೂರು, ಬೆಂಗಳೂರುಗಳ ಕ್ರೈಸ್ತ ಮನೆಗಳನ್ನೂ ಮುಟ್ಟಿವೆ. ಭಾರತದ 2021ರ ನಿಯಮಗಳು ಒಟಿಟಿ ವೇದಿಕೆಗಳಿಗೆ 7, 13, 16 ವರ್ಷಗಳ ಮಿತಿಗಳನ್ನೂ ಪೋಷಕರ ಬೀಗವನ್ನೂ ವಿಧಿಸಿವೆ. ಆದರೆ ಇವೇ ಮನೆಗಳಲ್ಲಿ ಸಂಜೆ ನಡೆಯುವ ಕನ್ನಡ ಧಾರಾವಾಹಿಯಲ್ಲಿ ಸೊಸೆಯ ಅವಮಾನ, ವರದಕ್ಷಿಣೆಯ ಆಸೆ, ಕುಲದ ಗರ್ವ, ಮೈಬಣ್ಣದ ತಿರಸ್ಕಾರಗಳು ಬಂದಾಗ ಅವನ್ನು ಬರೆದಿಡಲು ಅಮೆರಿಕದ ಆ ಪಟ್ಟಿಯಲ್ಲಿ ಶೀರ್ಷಿಕೆಗಳಿಲ್ಲ. ಕನ್ನಡದಲ್ಲಿ ಈ ವಿಮರ್ಶೆಯನ್ನು ಬರೆಯತೊಡಗುವವರು ಮೊದಲು ಆ ಶೀರ್ಷಿಕೆಗಳನ್ನು ಸೇರಿಸಿಕೊಳ್ಳತಕ್ಕದ್ದು.