ಈ ಸಲ ಈದ್ ಕಾರ್ಡ್ ಮನೆಯಲ್ಲೇ ಮಾಡೋಣ

ಉಮ್ಮನ ಕಪಾಟಿನಲ್ಲಿ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿ ಹಳೆಯ ರೇಶನ್ ಕಾರ್ಡು, ನಮ್ಮ ಶಾಲೆಯ ಅಂಕಪಟ್ಟಿಗಳು ಮತ್ತು ಒಂದು ಕಟ್ಟು ಈದ್ ಕಾರ್ಡುಗಳಿವೆ. ಹೆಚ್ಚಿನವು ಬಾಪ ಸೌದಿಯಿಂದ ಕಳುಹಿಸಿದವು. ಚಿನ್ನದ ಬಣ್ಣದ ಮಿನಾರ, ಕೆಂಪು ಗುಲಾಬಿ, ಮೇಲೆ ಮಿನುಗು ಪುಡಿ. ಮುಟ್ಟಿದರೆ ಈಗಲೂ ಬೆರಳಿಗೆ ಮಿನುಗು ಹತ್ತುತ್ತದೆ. ಅವುಗಳ ನಡುವೆ ಒಂದು ಕಾರ್ಡು ಮಾತ್ರ ನಾನು ಮಾಡಿದ್ದು. 1992ರಲ್ಲಿ, ಐದನೇ ತರಗತಿಯಲ್ಲಿದ್ದಾಗ. ಡ್ರಾಯಿಂಗ್ ಪುಸ್ತಕದ ಹಾಳೆ ಮಡಚಿ, ಜಲವರ್ಣದಲ್ಲಿ ಮಸೀದಿ ಬರೆದು, ಒಳಗೆ ಹಸಿರು ಸ್ಕೆಚ್ ಪೆನ್ನಿನಿಂದ ಬಾಪನಿಗೆ ಪುಟ ತುಂಬ ಬರೆದಿದ್ದೆ. ಬಾಪ ಅದನ್ನು ಹದಿನಾಲ್ಕು ವರ್ಷ ತಮ್ಮ ಸೂಟ್‌ಕೇಸಿನಲ್ಲಿಟ್ಟುಕೊಂಡು, ಊರಿಗೆ ಮರಳುವಾಗ ಜೊತೆಯಲ್ಲೇ ತಂದರು.

ಬಾಪ ತೀರಿಕೊಂಡು ಕೆಲವು ವರ್ಷಗಳಾದವು. ರಮಝಾನಿಗೆ ಮುಂಚೆ ಕಪಾಟು ಶುಚಿ ಮಾಡುವಾಗ ಆ ಕಾರ್ಡು ಕೈಗೆ ಬಂತು. ಮಸೀದಿ ಹಾಗೆಯೇ ಇದೆ. ಒಳಗಿನ ಬರಹ ಇಲ್ಲ. ಅಲ್ಲಿರುವುದು ಒಂದು ದೊಡ್ಡ ಹಸಿರು ಕಲೆ, ಅದರ ಮೇಲ್ತುದಿಯಲ್ಲಿ 'ಬಾಪ' ಎಂಬ ಎರಡಕ್ಷರ. ಅಷ್ಟನ್ನು ಪೆನ್ಸಿಲಿನಲ್ಲಿ ಬರೆದಿದ್ದೆನಾದ್ದರಿಂದ ಉಳಿದಿದೆ. ಯಾವುದೋ ಮಳೆಗಾಲದಲ್ಲಿ ತೇವ ತಾಗಿ ಶಾಯಿ ಹರಡಿಬಿಟ್ಟಿದೆ. ಏನು ಬರೆದಿದ್ದೆ ಎಂದು ನನಗೆ ನೆನಪಿಲ್ಲ. ಕೇಳೋಣವೆಂದರೆ ಓದಿದವರೂ ಇಲ್ಲ.

ಹಾಗಾಗಿ ಕಾರ್ಡು ಮಾಡುವ ಬಗ್ಗೆ ಹೇಳಹೊರಟವಳು ಬಣ್ಣಕ್ಕಿಂತ ಶಾಯಿಯ ಬಗ್ಗೆಯೇ ಹೆಚ್ಚು ಹೇಳಿದರೆ ಸಹೋದರಿಯರು ಬೇಸರಿಸಬಾರದು.

ಶುಭಾಶಯ ಪತ್ರದ ಚರಿತ್ರೆ ಬಹಳ ಹಳೆಯದೇನೂ ಅಲ್ಲ. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಪತ್ರ ಕಳುಹಿಸುವ ವ್ಯವಸ್ಥೆ ಬಂತು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬವರು ಕಲಾವಿದ ಜಾನ್ ಹಾರ್ಸ್ಲಿಯವರಿಂದ ಚಿತ್ರ ಬರೆಸಿ ಮೊದಲ ಕ್ರಿಸ್ಮಸ್ ಕಾರ್ಡನ್ನು ಹೊರತಂದರು. ಅದರ ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಆಮೇಲೆ ಕೈಯಿಂದ ತುಂಬಲಾಗಿತ್ತು. ಮೊದಲು ಅಚ್ಚು, ನಂತರ ಬಣ್ಣ. ಈ ಕ್ರಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ನಮ್ಮ ಉಪಖಂಡದಲ್ಲಿ ಈದ್ ಕಾರ್ಡ್ ಕಾಣಿಸಿಕೊಂಡದ್ದು ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ. ರೈಲು, ಅಂಚೆ, ಮುದ್ರಣಾಲಯ ಮೂರೂ ಊರೂರಿಗೆ ಹರಡಿದ ಮೇಲೆ. ಲಾಹೋರ್, ದಿಲ್ಲಿ, ಬೊಂಬಾಯಿಯ ಪ್ರಕಾಶಕರು ಅವನ್ನು ಮಾರುತ್ತಿದ್ದರು. ಯುರೋಪಿನಿಂದ ಬಂದ ಚಿತ್ರದ ಕಾರ್ಡುಗಳ ಮೇಲೆ ಉರ್ದುವಿನಲ್ಲಿ ಶುಭಾಶಯ ಅಚ್ಚೊತ್ತಿ ಮಾರಿದ್ದೂ ಉಂಟು. ನಮ್ಮ ಬಾಲ್ಯದಲ್ಲಿ ರಮಝಾನಿನ ಕೊನೆಯ ವಾರ ಫ್ಯಾನ್ಸಿ ಅಂಗಡಿಗಳ ಮುಂದೆ ದಾರ ಕಟ್ಟಿ ಈದ್ ಕಾರ್ಡುಗಳನ್ನು ಬಟ್ಟೆ ಒಣಗಿಸಿದ ಹಾಗೆ ನೇತುಹಾಕುತ್ತಿದ್ದರು. ಮೊಬೈಲ್ ಬಂದ ಮೇಲೆ ಆ ದಾರ ಮಾಯವಾಯಿತು. ಈಗ ಚಂದ್ರದರ್ಶನವಾದ ಕ್ಷಣದಲ್ಲೇ ಒಂದೇ ಚಿತ್ರ ನಲ್ವತ್ತು ಮಂದಿಯಿಂದ ಬರುತ್ತದೆ.

ಕಾಗದ

ಚಾರ್ಟ್ ಪೇಪರಿನ ಮೇಲೆ ಜಲವರ್ಣ ಹಾಕಬೇಡಿ. ನೀರು ತಾಗಿದೊಡನೆ ಅದು ಹಪ್ಪಳದಂತೆ ಅಲೆಅಲೆಯಾಗುತ್ತದೆ. ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಲೆಕ್ಕದಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂದು. ಕನಿಷ್ಠ 200, ಸಾಧ್ಯವಾದರೆ 300 ಜಿಎಸ್‌ಎಂನ ಜಲವರ್ಣದ ಕಾಗದ ಕೇಳಿ ತನ್ನಿ. ಎ4 ಗಾತ್ರದ 300 ಜಿಎಸ್‌ಎಂ ಹಾಳೆ ಹೆಚ್ಚುಕಡಿಮೆ 19 ಗ್ರಾಂ ತೂಗುತ್ತದೆ. ಇಡೀ ಹಾಳೆಯನ್ನು ಮಡಚಿ ಲಕೋಟೆಗೆ ಹಾಕಿದರೆ 20 ಗ್ರಾಂ ದಾಟಿ ಅಂಚೆಯ ದರ ಏರುತ್ತದೆ. ಹಾಳೆಯನ್ನು ಎರಡು ತುಂಡು ಮಾಡಿ ಒಂದೊಂದನ್ನೂ ಮಡಚಿದರೆ ಪೋಸ್ಟ್ ಕಾರ್ಡಿನಷ್ಟು ಗಾತ್ರದ ಎರಡು ಕಾರ್ಡುಗಳು ಸಿಗುತ್ತವೆ, ತೂಕವೂ ಹಗುರ. ಮಡಚುವ ಮುನ್ನ ಅಳತೆಪಟ್ಟಿ ಇಟ್ಟು ಖಾಲಿ ರೀಫಿಲ್ಲಿನಿಂದ ಒಂದು ಗೆರೆ ಒತ್ತಿ ಎಳೆಯಿರಿ. ದಪ್ಪ ಕಾಗದ ಆಗ ಬಿರಿಯದೆ ಮಡಚಿಕೊಳ್ಳುತ್ತದೆ.

ಶಾಯಿ ಮತ್ತು ಅಚ್ಚು

ಅಂಗಡಿಯಲ್ಲಿ ಸಿಗುವ ಶಾಯಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ನೀರಿನಲ್ಲಿ ಸಕ್ಕರೆ ಕರಗಿದಂತೆ ಬಣ್ಣ ಪೂರ್ತಿ ಕರಗಿದ ಶಾಯಿ. ಸ್ಕೆಚ್ ಪೆನ್ನು, ಕಚೇರಿಯ ನೇರಳೆ ಸ್ಟ್ಯಾಂಪ್ ಪ್ಯಾಡು ಸಾಮಾನ್ಯವಾಗಿ ಈ ಜಾತಿಯವು. ಬೇಗ ಒಣಗುತ್ತವೆ, ಕಣ್ಣಿಗೆ ಗಾಢವಾಗಿ ಕಾಣುತ್ತವೆ. ಆದರೆ ನೀರು ತಾಗಿದರೆ ಹರಿಯುತ್ತವೆ, ಬಿಸಿಲಿಗೆ ಮಾಸುತ್ತವೆ. ಇನ್ನೊಂದು, ಬಣ್ಣದ ನುಣ್ಣನೆಯ ಕಣಗಳು ತೇಲುತ್ತಿರುವ ಪಿಗ್ಮೆಂಟ್ ಶಾಯಿ. ಇದು ನಿಧಾನಕ್ಕೆ ಒಣಗುತ್ತದೆ, ಹೊಳಪಿನ ಕಾಗದದ ಮೇಲಂತೂ ಒಣಗುವುದೇ ಇಲ್ಲವೇನೋ ಎನಿಸುತ್ತದೆ, ಆದರೆ ಬಾಳಿಕೆ ಹೆಚ್ಚು. ಬಣ್ಣದ ಅಡಿಗೆ ಹಾಕುವುದಾದರೆ ವಾಟರ್‌ಪ್ರೂಫ್ ಎಂದು ಬರೆದದ್ದನ್ನೇ ಕೇಳಿ. ಬರೆದದ್ದನ್ನು ನಂಬಲೂ ಬೇಡಿ. ಚೂರು ಕಾಗದದ ಮೇಲೆ ಅಚ್ಚೊತ್ತಿ, ಒಂದು ಗಂಟೆ ಬಿಟ್ಟು, ಒದ್ದೆ ಕುಂಚದಿಂದ ಉಜ್ಜಿ ನೋಡಿ. ಒಂದು ವರ್ಷ ನಾನು ಈ ಪರೀಕ್ಷೆ ಮಾಡದೆ ಮಕ್ಕಳಿಗೆ ಆಫೀಸಿನ ಪ್ಯಾಡು ಕೊಟ್ಟುಬಿಟ್ಟೆ. ಮೂವತ್ತು ಕಾರ್ಡುಗಳ ಮೂವತ್ತು ಚಂದ್ರರೂ ನೇರಳೆ ನೀರಿನಲ್ಲಿ ಮುಳುಗಿದರು. ಇಬ್ಬರು ಮಕ್ಕಳು ಅತ್ತರು.

ಅಚ್ಚಿಗೆ ದುಬಾರಿ ಸಾಮಾನು ಬೇಡ. ಮಕ್ಕಳ ಪೆನ್ಸಿಲ್ ಒರೆಸುವ ರಬ್ಬರು ಸಾಕು. ತೆಳು ಕಾಗದದ ಮೇಲೆ ಮೃದು ಪೆನ್ಸಿಲಿನಿಂದ ಚಿತ್ರ ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ ಬೆನ್ನಿಗೆ ಉಗುರಿನಿಂದ ಉಜ್ಜಿದರೆ ಚಿತ್ರ ತಲೆಕೆಳಗಾಗಿ ಇಳಿಯುತ್ತದೆ. ತಲೆಕೆಳಗೆಂದರೆ ಕನ್ನಡಿಯಲ್ಲಿ ಕಂಡಂತೆ. ಅದನ್ನೇ ಕೆತ್ತಿ ಒತ್ತಿದಾಗ ನೇರವಾಗುತ್ತದೆ. ಅಕ್ಷರ ಕೆತ್ತುವವರು ಇದನ್ನು ಮರೆತರೆ ಉರ್ದು ಎಡದಿಂದ ಬಲಕ್ಕೆ ಓಡುತ್ತದೆ! ಮೊದಲ ಸಲಕ್ಕೆ ಅಕ್ಷರ ಬೇಡ, ಎಂಟು ಮೂಲೆಯ ನಕ್ಷತ್ರ ಕೆತ್ತಿ. ಒಂದು ಚೌಕ, ಅದರ ಮೇಲೆ ಓರೆಯಾಗಿ ತಿರುಗಿಸಿದ ಅಷ್ಟೇ ಅಳತೆಯ ಇನ್ನೊಂದು ಚೌಕ, ಅಷ್ಟೇ. ಒಂದೇ ನಕ್ಷತ್ರವನ್ನು ಸಾಲಾಗಿ ಒತ್ತುತ್ತಾ ಹೋದರೆ ಹಳೆಯ ಮಸೀದಿಗಳ ಜಾಲಿಯಂತಹ ಅಂಚು ತಯಾರಾಗುತ್ತದೆ. ಗುಮ್ಮಟ ಬೇಕೆನ್ನುವವರಿಗೆ ನಮ್ಮ ವಿಜಾಪುರದ ಗೋಳಗುಮ್ಮಟ ಸುಲಭ. ಒಂದು ದೊಡ್ಡ ಅರ್ಧಗೋಲ, ಕೆಳಗೆ ಚೌಕ, ಎರಡು ಬದಿಗೆ ಗೋಪುರ. ಬೆಂಡೆಕಾಯಿಯ ಅಡ್ಡತುಂಡು ಹೂವಾಗುವುದು ಎಲ್ಲ ತಾಯಂದಿರಿಗೂ ಗೊತ್ತಿದೆ, ಅದನ್ನು ಬಿಡೋಣ. ಬ್ಲೇಡಿನ ಕೆಲಸ ಮಾತ್ರ ದೊಡ್ಡವರೇ ಮಾಡಬೇಕು.

ಒಂದು ಮಾತು ನನ್ನ ಕಡೆಯಿಂದ. ಕಾರ್ಡಿನ ಮೇಲೆ ಕುರ್‌ಆನ್ ವಚನಗಳನ್ನು ಬರೆಯುವ ಆಸೆ ಹೆಣ್ಣುಮಕ್ಕಳಿಗೆ ಇರುತ್ತದೆ. ಕಾರ್ಡು ಎಲ್ಲೆಲ್ಲಿ ಬೀಳುತ್ತದೆ, ಯಾವ ಕಸದ ಬುಟ್ಟಿ ಸೇರುತ್ತದೆ ಎಂದು ಹೇಳಲಾಗದು. 'ಈದ್ ಮುಬಾರಕ್' ಎಂದಷ್ಟೇ ಬರೆಯಿರಿ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಆ ಎರಡು ಶಬ್ದಗಳನ್ನು ಎಷ್ಟು ಚೆಂದ ಬರೆಯಬಹುದು ಎಂಬುದಕ್ಕೆ ಅಮೆರಿಕದ ಅಂಚೆ ಇಲಾಖೆ 2001ರ ಸೆಪ್ಟೆಂಬರ್ 1ರಂದು ಹೊರತಂದ ಈದ್ ಅಂಚೆಚೀಟಿಯನ್ನು ನೋಡಬೇಕು. ನೀಲಿಯ ಮೇಲೆ ಚಿನ್ನದ ಬಣ್ಣದ ಸುಲುಸ್ ಲಿಪಿ. ಬರೆದವರು ಮುಹಮ್ಮದ್ ಝಕರಿಯ್ಯಾ ಎಂಬ ಕ್ಯಾಲಿಗ್ರಫಿ ಕಲಾವಿದರು. ಶಾಯಿ ಅವರೇ ಮನೆಯಲ್ಲಿ ತಯಾರಿಸಿದ್ದು, ಲೇಖನಿ ಜೊಂಡು ಮತ್ತು ಬಿದಿರಿನದು. ಕಾಗದಕ್ಕೆ ಗಂಜಿ ಬಳಿದು, ಅದರ ಮೇಲೆ ಪಟಿಕ ಮತ್ತು ಮೊಟ್ಟೆಯ ಬಿಳಿಯನ್ನು ಮೂರು ಸಲ ಲೇಪಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಇಟ್ಟಿದ್ದರಂತೆ. ಎರಡು ಶಬ್ದಕ್ಕಾಗಿ!

ಬಣ್ಣ

ಮಗ್ರಿಬ್ ಹೊತ್ತಿನ ಆಕಾಶವನ್ನು ಹೀಗೆ ಮಾಡಿ. ಕಾಗದದ ನಾಲ್ಕು ಅಂಚುಗಳನ್ನು ಹಲಗೆಗೆ ಟೇಪಿನಿಂದ ಅಂಟಿಸಿ. ಬಿಳಿ ಮೇಣದ ಬತ್ತಿಯ ತುದಿಯಿಂದ ಚಂದ್ರನ ಎಳೆಯನ್ನು ಒತ್ತಿ ಬರೆಯಿರಿ, ಕಣ್ಣಿಗೆ ಏನೂ ಕಾಣುವುದಿಲ್ಲ. ಆಮೇಲೆ ಇಡೀ ಕಾಗದಕ್ಕೆ ಬರೀ ನೀರು ಸವರಿ. ನೀರು ಮಿರುಗುತ್ತಿರುವಾಗಲೇ ಮೇಲಿನಿಂದ ಕಡುನೀಲಿ, ನಡುವೆ ತೆಳು ಗುಲಾಬಿ, ಕೆಳಗೆ ಹಳದಿ. ನಡುವಿನ ಗುಲಾಬಿ ಬಿಟ್ಟರೆ ನೀಲಿಯೂ ಹಳದಿಯೂ ಸೇರಿ ಆಕಾಶ ಹಸಿರಾಗುತ್ತದೆ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲವಾದ್ದರಿಂದ ಚಂದ್ರ ತಾನಾಗಿ ಬೆಳ್ಳಗೆ ಮೂಡುತ್ತಾನೆ. ಮಕ್ಕಳು ಇಲ್ಲಿ ಕೂಗುತ್ತಾರೆ, ಕೂಗಲಿ ಬಿಡಿ.

ನಕ್ಷತ್ರಕ್ಕೆ ಉಪ್ಪು. ಬಣ್ಣದ ಮಿರುಗು ಆರುತ್ತಾ ಬರುವ ಹೊತ್ತಿಗೆ ಕೆಲವೇ ಕಾಳು ಉಪ್ಪು ಉದುರಿಸಿ. ಒಂದೊಂದು ಕಾಳೂ ಸುತ್ತಲಿನ ಬಣ್ಣವನ್ನು ಹೀರಿ ಹಿಮದ ಹರಳಿನಂತಹ ಗುರುತು ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಕೈಯಿಂದ ಸವರಿ ಉದುರಿಸಿ. ನೀರು ಜಾಸ್ತಿ ಇದ್ದಾಗ ಹಾಕಿದರೆ ಉಪ್ಪು ಕರಗಿಹೋಗುತ್ತದೆ, ಒಣಗಿದ ಮೇಲೆ ಹಾಕಿದರೆ ಏನೂ ಆಗುವುದಿಲ್ಲ. ಈಗಿನ ವರ್ಷಗಳಲ್ಲಿ ಬಕ್ರೀದ್ ಮಳೆಗಾಲದ ಬಾಗಿಲಲ್ಲೇ ಬರುತ್ತಿದೆ. ಕರಾವಳಿಯ ಆ ಹವೆಯಲ್ಲಿ ಉಪ್ಪಿನ ಕೆಲಸ ಕೈಕೊಡುವುದೇ ಹೆಚ್ಚು, ಒಣಗಲು ಇಡೀ ರಾತ್ರಿ ಬೇಕು.

ಗುಮ್ಮಟದ ಅಚ್ಚನ್ನು ಆಕಾಶದ ಮೇಲೆ ಒತ್ತುವುದಾದರೆ ಕಾಗದ ಚೆನ್ನಾಗಿ ಒಣಗಿರಬೇಕು. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ತಣ್ಣಗಿದ್ದರೆ ಒಳಗೆ ಇನ್ನೂ ತೇವ ಇದೆ ಎಂದರ್ಥ. ಬಣ್ಣವನ್ನು ಗೆರೆಯ ಒಳಗೆ ತುಂಬುವುದಾದರೆ ಹೆನ್ರಿ ಕೋಲರ ಕಾರ್ಡಿನ ಕ್ರಮ: ವಾಟರ್‌ಪ್ರೂಫ್ ಅಚ್ಚು ಮೊದಲು, ಬಣ್ಣ ನಂತರ.

ಕಳೆದ ಬಾರಿ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು, "ಟೀಚರ್, ಅಬ್ಬ ದಿನಾ ರಾತ್ರಿ ವೀಡಿಯೋ ಕಾಲ್ ಮಾಡ್ತಾರೆ. ಮತ್ತೆ ಕಾರ್ಡ್ ಯಾಕೆ?" ಅವಳ ತಂದೆ ರಿಯಾದಿನಲ್ಲಿ ಚಾಲಕರು. ನನಗೆ ಸರಿಯಾದ ಉತ್ತರ ತೋಚಲಿಲ್ಲ. ಮಾಡು, ಕಳಿಸು, ನೋಡೋಣ ಎಂದೆ. ನೆರೆಮನೆಯವರೊಬ್ಬರು ಹೊರಟಿದ್ದರು, ಅವರ ಕೈಯಲ್ಲಿ ಕಳುಹಿಸಿದಳು. ಈದ್ ಕಳೆದು ಶಾಲೆಗೆ ಬಂದವಳು, ಅಬ್ಬ ಅದನ್ನು ತಮ್ಮ ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದಾರೆ, ಈಗ ವೀಡಿಯೋ ಕಾಲಿನಲ್ಲಿ ಅವರ ಹಿಂದೆ ತನ್ನ ಚಂದ್ರ ಕಾಣುತ್ತಾನೆ ಎಂದಳು. ಒಳಗೆ ಏನು ಬರೆದಿದ್ದೆ ಎಂದು ನಾನು ಕೇಳಲಿಲ್ಲ. ಯಾವ ಪೆನ್ನಿನಲ್ಲಿ ಬರೆದೆ ಎಂದು ಮಾತ್ರ ಕೇಳಿದೆ.

ಈ ವರ್ಷ ಉಮ್ಮನಿಗೂ ಒಂದು ಮಾಡಿದೆ. ಒಂದೇ ಮನೆಯಲ್ಲಿದ್ದುಕೊಂಡು ಕಾರ್ಡೇ ಎಂದು ನಕ್ಕರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಬೆರಳನ್ನು ನಾಲಗೆಗೆ ತಾಗಿಸಿ ಕೊನೆಯ ಸಾಲಿನ ಒಂದು ಅಕ್ಷರವನ್ನು ಉಜ್ಜಿ ನೋಡಿ, ಹರಡಲಿಲ್ಲವೆಂದು ಖಾತ್ರಿಯಾದ ಮೇಲೆ ಡಬ್ಬಿ ತರಲು ಹೇಳಿದರು.