ಸಿಸೆರೊದ ಗೋಪುರ ಮತ್ತು ಸಂಬಳದ ಲೆಕ್ಕ

ಚಿಕಾಗೊದ ಪಿಂಕ್ ಲೈನ್ ರೈಲಿನಲ್ಲಿ ಸಿಸೆರೊ ನಿಲ್ದಾಣದಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಒಂದು ಶಾಪಿಂಗ್ ಸೆಂಟರ್. ಅದರ ಅಂಗಡಿ ಸಾಲು, ಕಾರುಗಳ ಸಾಲು ದಾಟಿದ ಮೇಲೆ ಒಂಟಿಯಾಗಿ ನಿಂತ ಇಟ್ಟಿಗೆಯ ಗೋಪುರ ಕಾಣುತ್ತದೆ. ಬಿ.ಕಾಂ., ಎಂ.ಕಾಂ., ಎಂಬಿಎ ಓದಿದವರೆಲ್ಲ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದು ಬಂದಿರುವ ಹಾಥಾರ್ನ್ ಪ್ರಯೋಗಗಳು ನಡೆದದ್ದು ಇಲ್ಲೇ. ಪಠ್ಯಪುಸ್ತಕದ ಒಂದು ಅಧ್ಯಾಯಕ್ಕೆ ಊರು, ರಸ್ತೆ, ಗೋಡೆ ಇವೆ ಎಂಬುದು ನನ್ನಂಥ ವಾಣಿಜ್ಯ ವಿದ್ಯಾರ್ಥಿಗೆ ಎಂಥ ಪುಳಕ ಕೊಡುತ್ತದೆ ಎಂದು ಹೇಳಿ ಮುಗಿಸಲಾರೆ.

ಈ ಗೋಪುರ ಹಾಥಾರ್ನ್ ಕಾರ್ಖಾನೆಯದು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲಿ ಕಟ್ಟಿದ ಆ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ 40 ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅಮೆರಿಕದ ಟೆಲಿಫೋನುಗಳು ಇಲ್ಲಿ ತಯಾರಾಗುತ್ತಿದ್ದವು. 1915ರ ಜುಲೈ 24ರಂದು ಇದೇ ಕಂಪನಿಯ ನೌಕರರ ಕುಟುಂಬಗಳನ್ನು ವಿಹಾರಕ್ಕೆ ಹೊತ್ತು ಹೊರಡಬೇಕಿದ್ದ ಈಸ್ಟ್‌ಲ್ಯಾಂಡ್ ಹಡಗು ಚಿಕಾಗೊ ನದಿಯ ದಡದಲ್ಲೇ ಮಗುಚಿ 844 ಜನ ಸತ್ತರು. 1980ರ ದಶಕದಲ್ಲಿ ಕಾರ್ಖಾನೆ ಮುಚ್ಚಿತು. ಅದರ ನೆನಪುಗಳನ್ನು ಸಿಸೆರೊ ಪಟ್ಟಣದ ಮಾರ್ಟನ್ ಕಾಲೇಜಿನ ವಸ್ತುಸಂಗ್ರಹಾಲಯ ಕಾಪಾಡಿಕೊಂಡಿದೆ.

ಪಠ್ಯದ ಕಥೆ ಎಲ್ಲರಿಗೂ ಗೊತ್ತು. ದೀಪದ ಬೆಳಕು ಹೆಚ್ಚಿಸಿದರು, ಉತ್ಪಾದನೆ ಏರಿತು. ಬೆಳಕು ತಗ್ಗಿಸಿದರು, ಆಗಲೂ ಏರಿತು. ಬೆಳದಿಂಗಳಿನಷ್ಟು ಮಂದ ಬೆಳಕಿನಲ್ಲೂ ಹೆಣ್ಣುಮಕ್ಕಳು ಕೆಲಸ ನಿಲ್ಲಿಸಲಿಲ್ಲ. ಆದ್ದರಿಂದ ಕಾರ್ಮಿಕರಿಗೆ ಬೇಕಾದ್ದು ಬೆಳಕೂ ಅಲ್ಲ, ಹಣವೂ ಅಲ್ಲ, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಾವನೆ. ಹಾರ್ವರ್ಡ್‌ನ ಎಲ್ಟನ್ ಮೇಯೊ ಹೆಸರಿನ ಜೊತೆ ಈ ಮಾತು ಜಗತ್ತನ್ನೆಲ್ಲ ಸುತ್ತಿ ನಮ್ಮ ಗೈಡುಗಳಿಗೂ ಬಂತು. ನಮ್ಮ ಕಾಲೇಜುಗಳಲ್ಲಿ ವರ್ಷವರ್ಷವೂ ಸಲ್ಲಿಕೆಯಾಗುವ ‘ನೌಕರರ ಉದ್ಯೋಗ ತೃಪ್ತಿ: ಒಂದು ಅಧ್ಯಯನ’ ಎಂಬ ಪ್ರಾಜೆಕ್ಟ್ ವರದಿಗಳೆಲ್ಲ ಈ ಕಥೆಯ ವಂಶದವೇ.

ಬೆಳಕಿನ ಪ್ರಯೋಗ ನಡೆದದ್ದು 1924ರಿಂದ 1927ರವರೆಗೆ. ಅದರ ಮೂಲ ಅಂಕಿಅಂಶ ನಾಶವಾಗಿದೆ ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ಚಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಹುಡುಕಿಸಿದಾಗ ಅದು ಮಿಲ್ವಾಕಿ ಮತ್ತು ಬಾಸ್ಟನ್ನಿನ ಗ್ರಂಥಾಲಯಗಳಲ್ಲಿ ಭದ್ರವಾಗಿತ್ತು. 2011ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ನನಗೆ ಬಲು ಪ್ರಿಯವಾದ ಒಂದು ಸಂಗತಿಯಿದೆ. ದೀಪಗಳನ್ನು ಬದಲಿಸುತ್ತಿದ್ದದ್ದು ಭಾನುವಾರ, ಕಾರ್ಖಾನೆಗೆ ರಜೆಯಿದ್ದಾಗ. ಸೋಮವಾರ ಬಂದು ನೋಡಿದರೆ ಉತ್ಪಾದನೆ ಶನಿವಾರಕ್ಕಿಂತ ಹೆಚ್ಚು! ಆದರೆ ದೀಪ ಮುಟ್ಟದ ವಾರಗಳಲ್ಲೂ ಸೋಮವಾರ ಉತ್ಪಾದನೆ ಏರುತ್ತಲೇ ಇತ್ತು. ಒಂದು ದಿನ ವಿಶ್ರಾಂತಿ ಪಡೆದು ಬಂದವರು ವಾರದ ಮೊದಲಲ್ಲಿ ಚುರುಕಾಗಿರುತ್ತಾರೆ, ವಾರ ಕಳೆದಂತೆ ದಣಿಯುತ್ತಾರೆ. ಕೂಲಿ ಮಾಡುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದ ಮಾತು ಇದು. ಗಮನಿಸುವುದರಿಂದ ಏನೂ ಆಗಲೇ ಇಲ್ಲ ಎಂದು ಆ ಇಬ್ಬರೂ ಹೇಳುವುದಿಲ್ಲ, ಸಣ್ಣ ಸುಳಿವುಗಳಿವೆ ಎನ್ನುತ್ತಾರೆ. ಆದರೆ ಪಠ್ಯದಲ್ಲಿರುವ ಆ ಪವಾಡ ಅಂಕಿಗಳಲ್ಲಿ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು 1927ರ ಏಪ್ರಿಲ್‌ನಲ್ಲಿ ಶುರುವಾದ ರಿಲೇ ಜೋಡಣೆ ಕೋಣೆ. ರಿಲೇ ಎಂದರೆ ಟೆಲಿಫೋನ್ ಎಕ್ಸ್‌ಚೇಂಜಿನ ಪುಟ್ಟ ಸ್ವಿಚ್ಚು. ಒಂದು ಸುರುಳಿ, ಒಂದು ಆರ್ಮೇಚರ್, ತಾಗಿ ಬಿಡುವ ತೆಳು ಸ್ಪ್ರಿಂಗುಗಳು, ನಡುನಡುವೆ ಇನ್ಸುಲೇಟರುಗಳು, ಎಲ್ಲ ಸೇರಿ ಸುಮಾರು 35 ಬಿಡಿಭಾಗ. ಇವನ್ನು ಒಂದರ ಮೇಲೊಂದು ಪೇರಿಸಿ ನಾಲ್ಕು ಸ್ಕ್ರೂ ಬಿಗಿದರೆ ಒಂದು ರಿಲೇ. ಕೈ ಪಳಗಿದವರಿಗೆ ಸುಮಾರು ಒಂದು ನಿಮಿಷದ ಕೆಲಸ. ಐವರು ಯುವತಿಯರು ಒಂದೇ ಬೆಂಚಿನಲ್ಲಿ ಕೂತು ಜೋಡಿಸುತ್ತಿದ್ದರು, ಆರನೆಯವಳು ಸಾಮಾನು ಒದಗಿಸುತ್ತಿದ್ದಳು. ಮುಗಿದ ರಿಲೇಯನ್ನು ಮುಂದಿನ ಕಂಡಿಯಲ್ಲಿ ಹಾಕಿದೊಡನೆ ಒಂದೇ ಸಮ ಓಡುವ ಕಾಗದದ ಪಟ್ಟಿಯ ಮೇಲೆ ತೂತು ಬೀಳುತ್ತಿತ್ತು. ಯಾರು, ಯಾವ ಹೊತ್ತಿನಲ್ಲಿ, ಎಷ್ಟು ಎಂಬುದಕ್ಕೆ ಆ ತೂತುಗಳೇ ಸಾಕ್ಷಿ.

ಅವರಿಗೆ ನಡುನಡುವೆ ವಿಶ್ರಾಂತಿ ಕೊಟ್ಟರು, ತಿಂಡಿ ಕೊಟ್ಟರು, ಕೆಲಸದ ಅವಧಿ ತಗ್ಗಿಸಿದರು, ಉತ್ಪಾದನೆ ಏರಿತು. ಹನ್ನೆರಡನೇ ಹಂತದಲ್ಲಿ ಎಲ್ಲವನ್ನೂ ಕಿತ್ತುಕೊಂಡರೂ ವಾರದ ಉತ್ಪಾದನೆ ಇಳಿಯಲಿಲ್ಲ ಎಂಬುದು ಪಠ್ಯದ ತುತ್ತತುದಿ. ಆದರೆ ಆ ಹಂತದಲ್ಲಿ ಕೆಲಸದ ಗಂಟೆಗಳು ಹೆಚ್ಚಾಗಿದ್ದವಲ್ಲ! ವಾರದ ಮೊತ್ತ ಬಿಟ್ಟು ಗಂಟೆಗೆ ಎಷ್ಟು ಎಂದು ಭಾಗಿಸಿದರೆ ಉತ್ಪಾದನೆ ಇಳಿದಿತ್ತು. ಇದನ್ನು ಕಂಡುಹಿಡಿಯಲು ಬೇಕಾದ್ದು ಹೈಸ್ಕೂಲಿನ ಭಾಗಾಕಾರ ಮಾತ್ರ.

ಇನ್ನು ಸಂಬಳ. ಹೊರಗಿನ ವಿಭಾಗದಲ್ಲಿ ಸುಮಾರು ನೂರು ಜನರ ಒಟ್ಟು ಉತ್ಪಾದನೆ ನೋಡಿ ಕೂಲಿ ಹಂಚುತ್ತಿದ್ದರು. ಅಲ್ಲಿ ಒಬ್ಬಳು ಬೆವರು ಸುರಿಸಿ ಹತ್ತು ರಿಲೇ ಹೆಚ್ಚು ಜೋಡಿಸಿದರೆ ಅವಳ ಪಾಲಿಗೆ ಬರುವುದು ಚಿಲ್ಲರೆ. ಪ್ರಯೋಗದ ಕೋಣೆಯಲ್ಲಿ ಐವರನ್ನೇ ಒಂದು ಗುಂಪು ಮಾಡಿದರು. ಈಗ ಹೆಚ್ಚಿನ ದುಡಿಮೆ ನೇರವಾಗಿ ಅವರ ಲಕೋಟೆಗೇ ಬರತೊಡಗಿತು. ಇದರ ಪರಿಣಾಮ ಅಳೆಯಲು ಇನ್ನೂ ಐವರನ್ನು ಅವರಿದ್ದ ವಿಭಾಗದಲ್ಲೇ ಬಿಟ್ಟು ಕೂಲಿಯ ಲೆಕ್ಕ ಮಾತ್ರ ಬದಲಿಸಿದಾಗ ಉತ್ಪಾದನೆ ಸುಮಾರು ಶೇ 12ರಷ್ಟು ಏರಿತು. ಪಕ್ಕದವರು ಅಸಮಾಧಾನಗೊಂಡಿದ್ದರಿಂದ ಅದನ್ನು ಬೇಗನೆ ನಿಲ್ಲಿಸಬೇಕಾಯಿತು. ಮತ್ತೂ ಒಂದಿದೆ. 1928ರ ಜನವರಿಯಲ್ಲಿ ಮೊದಲ ಐವರಲ್ಲಿ ಇಬ್ಬರನ್ನು, ಬಹಳ ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂದು, ಹೊರಗೆ ಹಾಕಿ ಚುರುಕಾದ ಇಬ್ಬರನ್ನು ತಂದು ಕೂರಿಸಿದ್ದರು. ಪ್ರೀತಿ, ಗಮನ, ಸ್ನೇಹದ ಕೋಣೆ ಎಂದು ನಾವು ಓದಿದ್ದ ಜಾಗ ಇದು. 1967ರಲ್ಲಿ ಅಲೆಕ್ಸ್ ಕೇರಿ ಎಂಬ ವಿದ್ವಾಂಸ ಇದನ್ನೆಲ್ಲ ಎತ್ತಿ ಕಟುವಾಗಿ ಬರೆದ. ನಮ್ಮ ಪಠ್ಯಗಳಿಗೆ ಅದು ಇನ್ನೂ ತಲುಪಬೇಕಾಗಿದೆ, ನನಗೆ ಬೇಸರವಿರುವುದು ಇಲ್ಲೇ.

ಮೇಯೊ ಹೇಳಿದ್ದೆಲ್ಲ ಸುಳ್ಳು ಎಂದು ನಾನು ವಾದಿಸುವುದಿಲ್ಲ. ಜೊತೆ ಕೆಲಸಗಾರರ ಪ್ರಭಾವ ದೊಡ್ಡದೇ. ಆದರೆ 1931ರಲ್ಲಿ ಟೆಲಿಫೋನ್ ಸ್ವಿಚ್ಚುಗಳಿಗೆ ತಂತಿ ಜೋಡಿಸುವ ‘ಬ್ಯಾಂಕ್ ವೈರಿಂಗ್’ ಕೋಣೆಯಲ್ಲಿ 14 ಗಂಡಸರನ್ನು ಕೂರಿಸಿ ನೋಡಿದಾಗ ಅದು ಕಂಡದ್ದು ಬೇರೆಯೇ ರೀತಿಯಲ್ಲಿ. ದಿನಕ್ಕೆ ಇಷ್ಟೇ ಎಂದು ಅವರೇ ಒಳಗೊಳಗೆ ನಿಗದಿ ಮಾಡಿಕೊಂಡಿದ್ದರು. ಮಿತಿ ಮೀರಿ ದುಡಿದವನ ತೋಳಿಗೆ ಪಕ್ಕದವನು ಒಂದು ಗುದ್ದು ಕೊಡುತ್ತಿದ್ದ. ಹೆಚ್ಚು ಮಾಡಿದರೆ ನಾಳೆ ಕೂಲಿದರ ಇಳಿಸುತ್ತಾರೆ, ಕೆಲವರನ್ನು ಮನೆಗೆ ಕಳಿಸುತ್ತಾರೆ ಎಂಬ ಭಯ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಇದು ಮನಶ್ಶಾಸ್ತ್ರಕ್ಕಿಂತ ಮೊದಲು ಅರ್ಥಶಾಸ್ತ್ರ.

ಸಂಬಳದ ಇನ್ನೊಂದು ಹಳೆಯ ಕಥೆ ಬೇಕಿದ್ದರೆ, ಸಿಸೆರೊದಿಂದ ನಾಲ್ಕೈದು ಗಂಟೆ ಕಾರಿನಲ್ಲಿ ಹೋದರೆ ಡೆಟ್ರಾಯಿಟ್. ವುಡ್‌ವರ್ಡ್ ಅವೆನ್ಯೂದ ಹೈಲ್ಯಾಂಡ್ ಪಾರ್ಕ್‌ನಲ್ಲಿ ಫೋರ್ಡ್ ಕಂಪನಿಯ ಹಳೆಯ ಕಾರ್ಖಾನೆಯಿದೆ. 1914ರ ಜನವರಿ 5ರಂದು ‘ದಿನಕ್ಕೆ ಐದು ಡಾಲರ್’ ಎಂದು ಸಾರಿದ ಕಂಪನಿ ಇದೇ. ಅದಕ್ಕೆ ಹಿಂದಿನ ವರ್ಷ ಸುಮಾರು 14 ಸಾವಿರ ಜನರನ್ನು ಉಳಿಸಿಕೊಳ್ಳಲು 52 ಸಾವಿರ ಜನರನ್ನು ನೇಮಿಸಿಕೊಳ್ಳಬೇಕಾಗಿತ್ತು. ಅಸೆಂಬ್ಲಿ ಲೈನಿನ ಕೆಲಸದ ಒತ್ತಡ ಅಂಥದ್ದು. ಆದರೆ ಐದು ಡಾಲರ್ ಪೂರ್ತಿ ಸಂಬಳವಾಗಿರಲಿಲ್ಲ. ಹೆಚ್ಚುಕಡಿಮೆ ಅರ್ಧ ಸಂಬಳ, ಉಳಿದದ್ದು ಲಾಭದ ಪಾಲು. ಆ ಪಾಲು ಸಿಗಬೇಕಾದರೆ ಕಂಪನಿಯ ‘ಸೋಷಿಯಾಲಜಿಕಲ್ ಡಿಪಾರ್ಟ್‌ಮೆಂಟ್’ ಜನ ಮನೆಗೆ ಬಂದು ಕುಡಿತ, ಉಳಿತಾಯ, ಶುಚಿತ್ವ, ಸಂಸಾರ ಎಲ್ಲ ನೋಡಿ ಒಪ್ಪಬೇಕಿತ್ತು. 1987ರಲ್ಲಿ ಅರ್ಥಶಾಸ್ತ್ರಜ್ಞರಾದ ಡೇನಿಯಲ್ ರಾಫ್ ಮತ್ತು ಲಾರೆನ್ಸ್ ಸಮರ್ಸ್ ಈ ಹಳೆಯ ಸಂಬಳದ ಕಥೆಯನ್ನು ಅರ್ಥಶಾಸ್ತ್ರದ ಪ್ರಶ್ನೆಯಾಗಿ ಎತ್ತಿಕೊಂಡರು. ಮಾರುಕಟ್ಟೆ ದರಕ್ಕಿಂತ ಹೆಚ್ಚು ಕೂಲಿ ಕೊಟ್ಟರೆ ಉದ್ಯಮಿಗೇ ಲಾಭವೇ ಎಂಬುದು ಅವರ ಪ್ರಶ್ನೆ.

ಸಿಸೆರೊದ ಬೆಂಚು, ಹೈಲ್ಯಾಂಡ್ ಪಾರ್ಕಿನ ಲಕೋಟೆ ಎರಡನ್ನೂ ಓದಬಲ್ಲವರು ಲೆಕ್ಕ ಬಲ್ಲ ವಾಣಿಜ್ಯ ವಿದ್ಯಾರ್ಥಿಗಳು. ನೂರು ಪ್ರಶ್ನಾವಳಿ ಹಂಚಿ ‘ತುಂಬಾ ತೃಪ್ತಿ, ತೃಪ್ತಿ, ಅತೃಪ್ತಿ’ ಎಂದು ಟಿಕ್ ಹಾಕಿಸಿಕೊಳ್ಳುವುದಕ್ಕಿಂತ ಒಂದು ವರ್ಷದ ಕೂಲಿ ಪುಸ್ತಕ ಹಿಡಿದು ಕೂತರೆ ಎಷ್ಟು ವಿಷಯ! ಬೆಂಗಳೂರಿನ ದೂರವಾಣಿನಗರದ ಐಟಿಐ ಕೂಡ ದಶಕಗಳ ಕಾಲ ಟೆಲಿಫೋನ್ ಎಕ್ಸ್‌ಚೇಂಜಿನ ಉಪಕರಣ ತಯಾರಿಸಿದ ಕಾರ್ಖಾನೆ. ಅಲ್ಲಿ ಇನ್‌ಸೆಂಟಿವ್ ಲೆಕ್ಕ ಹೇಗಿತ್ತು, ಅದು ಬದಲಾದಾಗ ಉತ್ಪಾದನೆ ಏನಾಯಿತು ಎಂದು ನಿವೃತ್ತರನ್ನು ಕೇಳಿ ಬರೆಯಬಹುದು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಗಂಟೆಗಂಟೆಗೆ ಕೊಡುವ ಟಾರ್ಗೆಟ್ ಸೋಮವಾರಕ್ಕೂ ಶನಿವಾರಕ್ಕೂ ಒಂದೇ ಇರುತ್ತದೆಯೇ ಎಂದು ಕೇಳಬಹುದು. ದಕ್ಷಿಣ ಕನ್ನಡದಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಹೆಂಗಸರು ಸಾವಿರಕ್ಕೆ ಇಷ್ಟು ಎಂಬ ದರಕ್ಕೆ ದುಡಿಯುತ್ತಾರೆ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಎಲೆ, ಹೊಗೆಸೊಪ್ಪು ಎಷ್ಟು ಕೊಟ್ಟರು, ಎಷ್ಟು ಬೀಡಿ ತೆಗೆದುಕೊಂಡರು, ಎಷ್ಟನ್ನು ಸರಿಯಿಲ್ಲವೆಂದು ಬೇರ್ಪಡಿಸಿದರು ಎಂಬ ಲೆಕ್ಕ ಅವರ ಪುಸ್ತಕಗಳಲ್ಲೇ ಸಿಗಬಹುದು. ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಹೀಗೆ ಬೇರ್ಪಡಿಸಿದ ಬೀಡಿಯ ನಷ್ಟ ಯಾರ ತಲೆಗೆ ಬೀಳುತ್ತದೆ ಎಂದು ಲೆಕ್ಕ ಹಾಕುವ ಎಂ.ಕಾಂ. ಪ್ರಬಂಧವೊಂದು ಮಂಗಳೂರಿನಿಂದ ಬಂದರೆ ಅದನ್ನು ಓದಲು ಮೊದಲ ಸಾಲಿನಲ್ಲಿ ನಾನಿರುತ್ತೇನೆ.